ಒಂದೇ ಕೋಣೆ, ಐದು ತಟ್ಟೆ

ಹೆಗ್ಗಡದೇವನಕೋಟೆ ಕಡೆಯ ಒಂದು ಸರ್ಕಾರಿ ಶಾಲೆ. ಪ್ರಾರ್ಥನೆ ಮುಗಿಸಿ ಒಳಗೆ ಬಂದ ಮಕ್ಕಳು ಚಾಪೆಯ ಮೇಲೆ ದುಂಡಗೆ ಕೂತು ಹಾಡುತ್ತಿದ್ದಾರೆ. ಒಂದು, ಎರಡು, ಮೂರನೇ ತರಗತಿಯವರೆಲ್ಲ ಬೆರೆತೇ ಇದ್ದಾರೆ. ತಲೆಯ ಮೇಲೆ ಗೋಡೆಯಿಂದ ಗೋಡೆಗೆ ದಾರ ಎಳೆದು ಮಾಡಿದ ಚಪ್ಪರ. ಅದರಲ್ಲಿ ಅವರೇ ಬಿಡಿಸಿದ ಮೀನು, ಬಸ್ಸು, ಮೂರು ಕಾಲಿನ ಹಸು ತೂಗಾಡುತ್ತಿವೆ. ಗೋಡೆಯ ಬುಡದುದ್ದಕ್ಕೂ, ಕೂತ ಮಗುವಿನ ಕೈಗೆ ಎಟಕುವಷ್ಟು ಕೆಳಗೆ, ಕಪ್ಪು ಬಳಿದ ಹಲಗೆ.

ಹಾಡು ಮುಗಿಯಿತೋ ಇಲ್ಲವೋ, ಮಕ್ಕಳು ಗೋಡೆಯ ಮೇಲಿನ ಕಲಿಕಾ ಏಣಿಯತ್ತ ಓಡುತ್ತಾರೆ. ನಿನ್ನೆ ಎಲ್ಲಿ ನಿಂತಿದ್ದೆ, ಇಂದು ಯಾವ ಮೆಟ್ಟಿಲು ಎಂಬುದನ್ನು ಚಿತ್ರದ ಗುರುತು ನೋಡಿ ತಾವೇ ಕಂಡುಕೊಳ್ಳುತ್ತಾರೆ. ಅದೇ ಗುರುತಿನ ಕಾರ್ಡು ಎತ್ತಿಕೊಂಡು ತಮ್ಮ ತಟ್ಟೆಗೆ ಹೋಗುತ್ತಾರೆ. ತಟ್ಟೆ ಎಂದರೆ ಇಲ್ಲಿ ಗುಂಪು. ಹೊಸದನ್ನು ಕಲಿಯುವವರದು ಮಿಸ್ ಪೂರ್ತಿ ಜೊತೆಗಿರುವ ತಟ್ಟೆ. ಆಗಾಗ ಅವರು ಬಗ್ಗಿ ನೋಡಿದರೆ ಸಾಕಾಗುವುದು ಇನ್ನೊಂದು. ಗೆಳೆಯರ ಪೂರ್ಣ ನೆರವಿನದು, ಭಾಗಶಃ ನೆರವಿನದು ಮತ್ತೆರಡು. ಕೊನೆಯದು ತಾನೇ ಕಲಿಯುವ ತಟ್ಟೆ.

ಮಿಸ್ ಪಕ್ಕದಲ್ಲಿ ಒಬ್ಬ ಪುಟ್ಟ ರ, ಗ, ಸ ತಿದ್ದುತ್ತಿದ್ದಾನೆ. ನಲಿ-ಕಲಿ ಎಂಬ ಈ ಕಲಿಕಾ ಪದ್ಧತಿಯಲ್ಲಿ ಅಕ್ಷರ ಶುರುವಾಗುವುದು ಅ ಆ ಇ ಈ ಸಾಲಿನಿಂದಲ್ಲ. ರ ಗ ಸ ದ ಅ ಗುಂಪಿನಿಂದ. ಈ ಐದೇ ಅಕ್ಷರಕ್ಕೆ ಅರಸ, ಸರ, ಗರಗಸ ಎಲ್ಲ ಓದಲು ಬರುತ್ತವೆ. ಎಲ್ಲ ಅಕ್ಷರ ಮುಗಿಯುವ ತನಕ ಒಂದು ಪದಕ್ಕಾಗಿ ಕಾಯಬೇಕಿಲ್ಲ. ಅತ್ತ ಎರಡು ಜಡೆಯ ಹುಡುಗಿ ತನಗಿಂತ ಚಿಕ್ಕವಳ ಕೈ ಹಿಡಿದು ಬೀಜ ಎಣಿಸುತ್ತಾಳೆ. ಬೀಜದ ರಾಶಿ ಕದಡಿದರೆ ಗದರದೆ ಮತ್ತೆ ಒಂದರಿಂದ ಶುರುಮಾಡುತ್ತಾಳೆ. ಕಿಟಕಿಯ ಬಳಿ ಒಬ್ಬ ಯಾರನ್ನೂ ನೋಡದೆ ಕತೆ ಓದುತ್ತಿದ್ದಾನೆ. "ಮಿಸ್, ನಂದಾಯ್ತು!" ಎಂಬ ಕೂಗು ದಿನವಿಡೀ ಏಳುತ್ತಲೇ ಇರುತ್ತದೆ. ಹೊರಗಿನಿಂದ ಬಂದವರಿಗೆ ಇದು ಗಲಾಟೆ ಅನ್ನಿಸಬಹುದು. ನನಗಂತೂ ಕಲಿಕೆಯ ಸದ್ದು ಇದೇ.

ಈ ಪದ್ಧತಿ ಮೊಳೆತದ್ದೂ ಇದೇ ತಾಲ್ಲೂಕಿನಲ್ಲಿ, 1995ರಲ್ಲಿ, ಯುನಿಸೆಫ್ ನೆರವಿನಿಂದ. ಇಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆಗೆ ಹೋಗಿ ಬಂದು, ಅಲ್ಲಿ ಕಂಡದ್ದನ್ನು ನಮ್ಮ ಮಕ್ಕಳಿಗೆ ಒಗ್ಗುವಂತೆ ಕಾರ್ಡುಗಳಾಗಿ ರೂಪಿಸಿಕೊಂಡರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು.

ಇದರ ದೊಡ್ಡ ಗುಣ ಗೊತ್ತಾಗಬೇಕಾದರೆ ಕಾಫಿ ಕೊಯ್ಲಿನ ಕಾಲ ನೋಡಬೇಕು. ಬುಡಕಟ್ಟು ಜನರ ಹಾಡಿಗಳಿಂದ ಅಪ್ಪ ಅವ್ವ ಕೂಲಿಗೆ ಕೊಡಗಿನ ತೋಟಗಳಿಗೆ ಹೊರಟರೆ ಮಕ್ಕಳೂ ಹಿಂದೆಯೇ ಹೋಗುತ್ತಾರೆ. ವಾರಗಟ್ಟಲೆ ಹಾಜರಿ ಇಲ್ಲ. ಪಠ್ಯಪುಸ್ತಕದ ತರಗತಿಯಾದರೆ ಮರಳಿ ಬಂದ ಮಗು ಗುರುತೇ ಸಿಗದ ಪುಟದ ಮುಂದೆ ಬಾಯಿ ಕಟ್ಟಿ ಕೂರುತ್ತದೆ. ಒಂದು ದಿನ ಬರುವುದನ್ನೇ ನಿಲ್ಲಿಸುತ್ತದೆ. ಇಲ್ಲಿ ಅದು ಬಿಟ್ಟುಹೋದ ಮೆಟ್ಟಿಲು ಅದಕ್ಕಾಗಿಯೇ ಕಾದಿರುತ್ತದೆ. ಮನೆಯಲ್ಲಿ ಜೇನು ಕುರುಬ ನುಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಎಂಬ ಮಗುವಿಗೂ ತಡವರಿಸಲು ಸಮಯ ಸಿಗುತ್ತದೆ. ನಿಧಾನವಾಗಿ ಕಲಿಯುವವನನ್ನು ದಡ್ಡ ಎನ್ನಲು ಇಲ್ಲಿ ಯಾರಿಗೂ ಕಾರಣವಿಲ್ಲ. ಬೇಗ ಕಲಿಯುವವಳೂ ಉಳಿದವರಿಗಾಗಿ ಕೈಕಟ್ಟಿ ಕೂರಬೇಕಿಲ್ಲ.

ಹಾಗೆಂದು ಇದು ಸಲೀಸಾದ ಕೆಲಸವಲ್ಲ. ಐದು ತಟ್ಟೆಗಳ ನಡುವೆ ಮಂಡಿಯೂರಿ ಓಡಾಡುವ ಒಬ್ಬರೇ ಮಿಸ್, ಪ್ರತಿ ಮಗು ಯಾವ ಮೆಟ್ಟಿಲಲ್ಲಿದೆ ಎಂದು ತೋರಿಸುವ ಪ್ರಗತಿ ನೋಟವೆಂಬ ಪಟ್ಟಿಯನ್ನೂ ತುಂಬಬೇಕು, ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕು. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದಕ್ಕಿಂತ ಮಕ್ಕಳು ಹೆಚ್ಚಾದ ಕಡೆ ಕಾರ್ಡು ಹಂಚುವುದರಲ್ಲೇ ಹೊತ್ತು ಹೋಗುತ್ತದೆ. ಮಗುವಿನ ಮುಖ ನೋಡಲು ಬಿಡುವೇ ಇರುವುದಿಲ್ಲ. ನಾಲ್ಕನೇ ತರಗತಿಗೆ ಕಾಲಿಟ್ಟೊಡನೆ ಏಣಿ ಮಾಯವಾಗಿ ಎಲ್ಲರಿಗೂ ಒಂದೇ ದಿನ ಒಂದೇ ಪಾಠ ಎಂಬ ಪದ್ಧತಿ ಶುರುವಾಗುವುದು ಇನ್ನೂ ದೊಡ್ಡ ಅನ್ಯಾಯ. ಮೂರನೇ ತರಗತಿ ದಾಟಿದ ಮಾತ್ರಕ್ಕೆ ಎಲ್ಲರ ನಡಿಗೆ ಒಂದೇ ಆಗಿಬಿಡುತ್ತದೆಯೇ?

ಶಿಕ್ಷಕರ ಖಾಲಿ ಹುದ್ದೆ ತುಂಬಿ, ದಾಖಲೆಯ ಹೊರೆ ಇಳಿಸಿ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗಳಲ್ಲಿ ನಾವೇ ಪಟ್ಟು ಹಿಡಿಯಬೇಕು. ಮಕ್ಕಳನ್ನು ಈ ಶಾಲೆಗಳಿಗೆ ಕಳಿಸುವ ತಾಯಂದಿರೇ, ತಂದೆಯರೇ, ಮುಂದಿನ ಸಲ ಹೋದಾಗ ಎಷ್ಟು ಪಾಠ ಮುಗಿಯಿತೆಂದು ವಿಚಾರಿಸಬೇಡಿ. ಪ್ರಗತಿ ನೋಟದ ಮುಂದೆ ನಿಂತು, ನಮ್ಮ ಮಗು ಯಾವ ಮೆಟ್ಟಿಲಲ್ಲಿದೆ, ಅದಕ್ಕೆ ಯಾರ ನೆರವು ಬೇಕು ಎಂದು ಕೇಳಿ.