ನಿಮಗಿದು ಗೊತ್ತೇ? ಎದೆಗೂ ಕರುಳಿಗೂ ಇರುವ ನಂಟು

ಅಮೆರಿಕದ ಮಿಶಿಗನ್ನಿನಲ್ಲಿ 1895ರಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ರೋಗತಜ್ಞ ಆಲ್ಡ್ರೆಡ್ ವಾರ್ಥಿನ್ ಎದುರು ತನ್ನ ಸಂಕಟ ತೋಡಿಕೊಂಡಳು. ಮನೆಯವರಲ್ಲಿ ಅನೇಕರು ಕರುಳಿನ ಕ್ಯಾನ್ಸರಿನಿಂದಲೋ ಗರ್ಭಕೋಶದ ಕ್ಯಾನ್ಸರಿನಿಂದಲೋ ಸತ್ತಿದ್ದರು, ತನಗೂ ಅದೇ ಗತಿ ಎಂಬ ಭಯ ಅವಳದು. ಕೊನೆಗೆ ಗರ್ಭಕೋಶದ ಕ್ಯಾನ್ಸರೇ ಅವಳನ್ನು ಕೊಂಡೊಯ್ದಿತು. ವಾರ್ಥಿನ್ ಆ ಮನೆತನದ ವಂಶವೃಕ್ಷ ಬರೆದು 1913ರಲ್ಲಿ ಪ್ರಕಟಿಸಿದರು. ಹೀಗೆ ವಂಶದಲ್ಲಿ ಹರಿದುಬರುವ ಕ್ಯಾನ್ಸರ್ ಅಪಾಯವನ್ನೇ ಇಂದು ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ಒಂದು ಹೆಣ್ಣಿನ ಮಾತನ್ನು ವೈದ್ಯರೊಬ್ಬರು ನಂಬಿ ಕೇಳಿದ್ದರಿಂದ ಸಿಕ್ಕ ಜ್ಞಾನ ಅದು.

ಸ್ತನಕ್ಕೂ ಕರುಳಿಗೂ ಒಟ್ಟಿಗೆ ಅಪಾಯ ತರುವ ವಂಶವಾಹಿ ದೋಷಗಳೂ ಇವೆ, ಆದರೆ ಅಪರೂಪ. ಅವುಗಳಲ್ಲಿ ಒಂದಾದ ಪ್ಯೂಟ್ಸ್–ಜೆಗರ್ಸ್ ಸಿಂಡ್ರೋಮ್ ಇರುವ ಮಕ್ಕಳ ತುಟಿಯ ಮೇಲೆ, ಕೆನ್ನೆಯ ಒಳಗೆ ಕಂದು ಚುಕ್ಕೆಗಳು ಮೂಡುತ್ತವೆ. ದೊಡ್ಡವರಾದಂತೆ ತುಟಿಯ ಚುಕ್ಕೆ ಮಾಸಬಹುದು, ಅಪಾಯ ಮಾಸುವುದಿಲ್ಲ. ಕೌಡೆನ್ ಸಿಂಡ್ರೋಮ್ ಇನ್ನೊಂದು.

ಇಂಥ ದೋಷಗಳು ತಂದೆಯಿಂದಲೂ ಬರುತ್ತವೆ. ಸೋದರತ್ತೆಗೆ, ಅಪ್ಪನ ತಾಯಿಗೆ ಏನಾಗಿತ್ತು ಎಂಬುದನ್ನೂ ವೈದ್ಯರಿಗೆ ಹೇಳಿ. ಯಾವ ವಯಸ್ಸಿನಲ್ಲಿ ಎಂಬುದನ್ನಂತೂ ಮರೆಯಬೇಡಿ.

ಸ್ತನ ಕ್ಯಾನ್ಸರ್ ಬಂದವರಿಗೆಲ್ಲ ಕರುಳಿನದೂ ಬರುತ್ತದೆ ಎಂದಲ್ಲ. ಆ ಹೆದರಿಕೆ ಬೇಡ.

ವಂಶವಾಹಿಯಷ್ಟೇ ಅಲ್ಲ, ಹಾರ್ಮೋನಿನ ನಂಟೂ ಇದೆ. ಮುಟ್ಟು ನಿಂತ 16,608 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಹಾರ್ಮೋನ್ ಪ್ರಯೋಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡನ್ನೂ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿತ್ತು. ವಿಚಿತ್ರವೆಂದರೆ ಕರುಳಿನ ಕ್ಯಾನ್ಸರ್ ಕಡಿಮೆಯಾಗಿತ್ತು! ಆದರೆ ಅವರಲ್ಲಿ ಪತ್ತೆಯಾದ ಕರುಳಿನ ಕ್ಯಾನ್ಸರ್ ಹೆಚ್ಚು ಮುಂದುವರಿದ ಹಂತದಲ್ಲಿತ್ತು. ಹಾಗಾಗಿ ಕರುಳು ಕಾಪಾಡಿಕೊಳ್ಳಲೆಂದು ಯಾರೂ ಹಾರ್ಮೋನ್ ಮಾತ್ರೆಗೆ ಕೈಹಾಕಬಾರದು.

ಮದ್ಯ ಎರಡೂ ಕ್ಯಾನ್ಸರಿಗೆ ದಾರಿ. ಮುಟ್ಟು ನಿಂತ ಮೇಲೆ ಏರುವ ಬೊಜ್ಜೂ ಹಾಗೆಯೇ. ಸ್ತನಕ್ಕೆ ಅದರಿಂದ ಅಪಾಯವೇಕೆಂದರೆ, ಅಂಡಾಶಯ ಸುಮ್ಮನಾದ ಮೇಲೂ ಕೊಬ್ಬಿನ ಅಂಗಾಂಶ ಈಸ್ಟ್ರೋಜನ್ ತಯಾರಿಸುತ್ತಲೇ ಇರುತ್ತದೆ.

ನಮ್ಮ ಸರ್ಕಾರಿ ತಪಾಸಣಾ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಪರೀಕ್ಷೆಯಿದೆ. ಕರುಳಿನದು ಆ ಪಟ್ಟಿಯಲ್ಲಿಲ್ಲ. ಕರುಳಿನೊಳಗಿನ ಸಣ್ಣ ಗಡ್ಡೆ, ಅಂದರೆ ಪಾಲಿಪ್, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷದಷ್ಟು ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಕೊಲೊನೊಸ್ಕೋಪಿಯಲ್ಲಿ, ಅಂದರೆ ಕ್ಯಾಮೆರಾ ಕೊಳವೆಯಿಂದ ಕರುಳಿನೊಳಗೆ ನೋಡುವ ಪರೀಕ್ಷೆಯಲ್ಲಿ, ಕಂಡರೆ ಅಲ್ಲೇ ಕತ್ತರಿಸಿ ತೆಗೆಯಬಹುದು.

ಮಲದಲ್ಲಿ ಕಾಣುವ ರಕ್ತ ಕರುಳಿನ ಕ್ಯಾನ್ಸರಿನ ಸೂಚನೆಯೂ ಇರಬಹುದು. ಆದರೆ ಅದು ಕಂಡರೆ ನಮ್ಮ ಹೆಂಗಸರು ‘ಮೂಲವ್ಯಾಧಿ ಇರಬೇಕು’ ಎಂದುಕೊಂಡು ನಾಚಿಕೆಯಿಂದ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಎದೆಯ ಗಂಟಿನ ಬಗ್ಗೆ ಈಗೀಗ ಮಾತಾಡಲು ಕಲಿತಿದ್ದೇವೆ. ಇದನ್ನೂ ಅಮ್ಮನ ಬಳಿ, ಅಕ್ಕನ ಬಳಿ, ಡಾಕ್ಟರ ಬಳಿ ಇವತ್ತೇ ಹೇಳಿ.