ಕಟ್ಟುವುದಕ್ಕಿಂತ ಕಾಯುವುದು ಹಿರಿದು

ನಾಡಿನ ಜೈನ ಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಒಡೆದುದನ್ನೂ ಬಿರುಕು ಬಿಟ್ಟುದನ್ನೂ ಸರಿಪಡಿಸಿ ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು ಎಂದು ಅದರ ಅರ್ಥ. ಅರಸನಾಗಲಿ, ದಂಡನಾಯಕನಾಗಲಿ, ಸೆಟ್ಟಿಯಾಗಲಿ ಬಸದಿಗೆ ಭೂಮಿಯನ್ನು ದತ್ತಿ ಬಿಟ್ಟಾಗ, ಅದರ ಆದಾಯವು ದೇವರ ಅಷ್ಟವಿಧಾರ್ಚನೆಗೆ, ಋಷಿಗಳ ಆಹಾರದಾನಕ್ಕೆ ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಸಲ್ಲಬೇಕೆಂದು ಬರೆಸುತ್ತಿದ್ದುದು ವಾಡಿಕೆ.

ಈ ವಾಡಿಕೆಯಲ್ಲಿ ಒಂದು ದರ್ಶನವೇ ಅಡಗಿದೆ. ಗೋಡೆಯ ಗಾರೆ ಆರುವ ಮೊದಲೇ ಅದು ಬಿರಿಯುವ ದಿನವನ್ನು ನಮ್ಮ ಹಿರಿಯರು ನೆನೆದಿದ್ದರು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯಾನುಪ್ರೇಕ್ಷೆ. ಎಲ್ಲವೂ ಅಳಿಯುವುದೆಂಬ ಆ ಅರಿವು ಅವರನ್ನು ಕೈಚೆಲ್ಲಿ ಕೂರಿಸಲಿಲ್ಲ. ದುರಸ್ತಿಗೆಂದು ಗದ್ದೆಯೊಂದನ್ನು ಮೀಸಲಿಡುವಂತೆ ಮಾಡಿತು. ಅರ್ಚನೆ, ಆಹಾರ, ದುರಸ್ತಿ ಈ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟುದೂ ಅರ್ಥಪೂರ್ಣ. ಕಲ್ಲು ಉಳಿಯಬೇಕು, ಪೂಜೆ ನಡೆಯಬೇಕು, ಬಂದ ತ್ಯಾಗಿಗಳಿಗೆ ಅನ್ನ ಸಿಗಬೇಕು. ಒಂದು ತಪ್ಪಿದರೆ ಉಳಿದೆರಡು ಬಹುಕಾಲ ನಿಲ್ಲವು.

ಹೊಯ್ಸಳರ ಭಂಡಾರಿಯಾಗಿದ್ದ ಹುಳ್ಳನ ಬದುಕು ಇದಕ್ಕೆ ನಿದರ್ಶನ. ಶ್ರವಣಬೆಳಗೊಳದಲ್ಲಿ ಇಪ್ಪತ್ನಾಲ್ಕು ತೀರ್ಥಂಕರರ ಭಂಡಾರಿ ಬಸದಿಯನ್ನು ಕಟ್ಟಿಸಿದವನು ಅವನೇ. 1159ರಲ್ಲಿ ಅರಸ ನರಸಿಂಹನು ಅದಕ್ಕೆ ‘ಭವ್ಯಚೂಡಾಮಣಿ’ ಎಂದು ಹೆಸರಿಟ್ಟು ಸವಣೇರು ಗ್ರಾಮವನ್ನು ದತ್ತಿ ಕೊಟ್ಟನು. ಆದರೆ ಶಾಸನವು ಹುಳ್ಳನನ್ನು ಹೊಗಳುವುದು ಹೊಸದನ್ನು ಕಟ್ಟಿಸಿದ್ದಕ್ಕೆ ಮಾತ್ರವಲ್ಲ. ಬಂಕಾಪುರದಲ್ಲಿ ಶಿಥಿಲವಾಗಿದ್ದ ಜಿನಾಲಯವನ್ನು ಅವನು ಎತ್ತಿ ನಿಲ್ಲಿಸಿದ. ಗಂಗರ ಕಾಲದಲ್ಲಿ ನಿರ್ಮಾಣಗೊಂಡು ಹೆಸರಷ್ಟೇ ಉಳಿದಿದ್ದ ಕೆಲ್ಲಂಗೆರೆಯ ಬಸದಿಗೆ ಮರುಜೀವ ಕೊಟ್ಟ. ಕೊಪಣದ ಮುನಿಸಂಘಕ್ಕೆ ವೃತ್ತಿ ಏರ್ಪಡಿಸಿದ. ಅವನಿಗಿಂತ ಮೊದಲು ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ಗಂಗವಾಡಿಯ ಜೀರ್ಣ ಬಸದಿಗಳನ್ನು ಉದ್ಧರಿಸಿ ಕೀರ್ತಿವಂತನಾಗಿದ್ದ. ಬೇರೊಬ್ಬರು ಕಟ್ಟಿಸಿದುದನ್ನು ಉಳಿಸಿದವನ ಹೆಸರು ಸಾಮಾನ್ಯವಾಗಿ ಮರೆಯಾಗುತ್ತದೆ. ಈ ಪರಂಪರೆ ಅದನ್ನು ಕಲ್ಲಿನಲ್ಲಿ ಕೊರೆದು ಗೌರವಿಸಿತು.

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳು. ಅವುಗಳಲ್ಲಿ ಒಂದು ಸ್ಥಿತಿಕರಣ. ಧರ್ಮಮಾರ್ಗದಿಂದ ಜಾರುತ್ತಿರುವವನನ್ನು ದೂರದೆ, ತೊರೆಯದೆ, ಮತ್ತೆ ಅದೇ ಮಾರ್ಗದಲ್ಲಿ ನೆಲೆಗೊಳಿಸುವುದೇ ಸ್ಥಿತಿಕರಣ. ಜೀರ್ಣೋದ್ಧಾರವನ್ನು ಕಟ್ಟಡದ ಸ್ಥಿತಿಕರಣವೆಂದು ಭಾವಿಸಿದರೆ ಅದರ ವಿಧಾನವೂ ಸ್ಪಷ್ಟವಾಗುತ್ತದೆ. ಜಾರಿದವನನ್ನು ಎತ್ತುವಾಗ ಅವನನ್ನು ಬೇರೊಬ್ಬನನ್ನಾಗಿ ಮಾಡುವುದಿಲ್ಲ. ಹಾಗೆಯೇ ಹಳೆಯ ಬಸದಿಯನ್ನು ಎತ್ತುವಾಗ ಅದು ಅದಾಗಿಯೇ ಉಳಿಯಬೇಕು.

ಇಂದು ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಕೆಲವೆಡೆ ನಡೆಯುವುದು ಇದಕ್ಕೆ ವಿರುದ್ಧವಾದುದು. ಹಳೆಯ ಕಲ್ಲುಕಟ್ಟಡವನ್ನು ಕೆಡವಿ ಕಾಂಕ್ರೀಟಿನ ಗುಡಿ ಎಬ್ಬಿಸುತ್ತಾರೆ. ಕಂಬಗಳಿಗೆ ಎಣ್ಣೆಬಣ್ಣ ಬಳಿಯುತ್ತಾರೆ. ಶಾಸನವಿರುವ ನೆಲಗಲ್ಲಿನ ಮೇಲೆ ಟೈಲ್ಸ್ ಹಾಸುತ್ತಾರೆ. ಉದ್ದೇಶ ಭಕ್ತಿಯದೇ, ಸಂದೇಹವಿಲ್ಲ. ಆದರೆ ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತದೆ; ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗೋಡೆಯನ್ನು ಕೊರೆಯುತ್ತದೆ. ನೆಲದಡಿಯಲ್ಲಿ ಮುಚ್ಚಿಹೋದ ಶಾಸನದೊಂದಿಗೆ ದಾನಿಯ ಸಂಕಲ್ಪವೂ ಮುಚ್ಚಿಹೋಗುತ್ತದೆ.

ಅಹಿಂಸೆಯ ದೃಷ್ಟಿಯಿಂದಲೂ ಇದನ್ನು ಚಿಂತಿಸಬೇಕು. ಪೃಥ್ವೀಕಾಯ, ಜಲಕಾಯ ಜೀವಗಳ ಬಗೆಗೂ ಎಚ್ಚರ ಹೇಳುವ ಧರ್ಮ ನಮ್ಮದು. ಹೊಸ ಕಟ್ಟಡವೆಂದರೆ ಬಂಡೆ ಸೀಳಬೇಕು, ನೆಲ ಅಗೆಯಬೇಕು, ಅಪಾರ ನೀರು ಬಳಸಬೇಕು. ಇರುವುದನ್ನು ಬಾಳಿಸಿದರೆ ಈ ಆರಂಭವೆಲ್ಲ ಬಹುಮಟ್ಟಿಗೆ ತಪ್ಪುತ್ತದೆ. ಇರುವುದರಲ್ಲಿ ತೃಪ್ತಿ ಕಾಣುವ ಅಪರಿಗ್ರಹ ವ್ಯಕ್ತಿಗಷ್ಟೇ ಅಲ್ಲ, ಊರಿಗೂ ಅನ್ವಯಿಸುತ್ತದೆ.

ಕೆಡವುವುದು ಒಂದು ತಪ್ಪಾದರೆ ಅಲಕ್ಷ್ಯ ಇನ್ನೊಂದು. ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯರು ಹೇಳಿದ್ದಾರೆ. ಬಸದಿಯ ಮಾಡಿನ ಸಂದಿಯಲ್ಲಿ ಅರಳಿಯ ಸಸಿ ಎರಡೆಲೆ ಬಿಟ್ಟಾಗ ಅದನ್ನು ಮೃದುವಾಗಿ ಬಿಡಿಸಿ ಬೇರೆಡೆ ನೆಡಬಹುದು. ಹತ್ತು ಮಳೆಗಾಲ ಸುಮ್ಮನಿದ್ದರೆ ಬೇರು ಗೋಡೆಯನ್ನು ಸೀಳುತ್ತದೆ; ಆಗ ಮರವನ್ನು ಕಡಿಯಬೇಕು, ಇಲ್ಲವೇ ಗೋಡೆಯನ್ನು ಕಳೆದುಕೊಳ್ಳಬೇಕು. ಸಕಾಲದ ಎಚ್ಚರವೇ ಯತ್ನಾಚಾರ. ಮಳೆಗಾಲಕ್ಕೆ ಮುನ್ನ ಮಾಡಿನ ತರಗೆಲೆ ಗುಡಿಸಿ ನೀರಿನ ದಾರಿ ಬಿಡಿಸುವ ಶ್ರಾವಕನ ಸೇವೆ ಅಭಿಷೇಕದ ಸೇವೆಗಿಂತ ಕಡಿಮೆಯದಲ್ಲ.

ಇಂದು ಅನೇಕ ಹಳ್ಳಿಗಳಲ್ಲಿ ಬಸದಿ ದೊಡ್ಡದು, ಶ್ರಾವಕರ ಮನೆಗಳು ನಾಲ್ಕೈದು. ಯುವಕರು ನಗರ ಸೇರಿದ್ದಾರೆ. ಈ ಭಾರವನ್ನು ಹಂಚಿಕೊಳ್ಳುವ ದಾರಿಗಳಿವೆ. 1991ರಲ್ಲಿ ಆರಂಭವಾದ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್, ಸರ್ಕಾರ ಮತ್ತು ಊರವರೊಂದಿಗೆ ವೆಚ್ಚ ಹಂಚಿಕೊಂಡು ನಾಡಿನ ಪ್ರಾಚೀನ ದೇಗುಲಗಳನ್ನೂ ಬಸದಿಗಳನ್ನೂ ಮೂಲರೂಪದಲ್ಲಿಯೇ ಉಳಿಸುತ್ತಿದೆ. ಊರವರ ಪಾಲು ಅದರಲ್ಲಿ ಇರುವುದು ಬಹುಮುಖ್ಯ. ತಾವೇ ಕಾಸು ಕೂಡಿಸಿ, ಕಲ್ಲು ಹೊತ್ತು ಉಳಿಸಿದುದನ್ನು ಜನ ಮತ್ತೆ ಪಾಳುಬೀಳಲು ಬಿಡುವುದು ಅಪರೂಪ.

ಉಳಿಸಿದ ಮೇಲೆ ಬಳಸಬೇಕು. ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳು. ಓದುವವರ ಕೈಸೇರದ ಓಲೆ ಹುಳುವಿನ ಪಾಲಾಗುತ್ತದೆ. ಬಾಗಿಲು ತೆರೆಯದ ಬಸದಿಯೂ ಹಾಗೆಯೇ. ಬಸದಿಗಳು ಹಿಂದೆ ವಿದ್ಯಾದಾನದ ನೆಲೆಗಳೂ ಆಗಿದ್ದವು. ಗರ್ಭಗೃಹದ ಶುಚಿತ್ವಕ್ಕೆ ಕುಂದು ಬಾರದಂತೆ ಚಂದ್ರಶಾಲೆಯಲ್ಲಿ ವಾರಕ್ಕೊಮ್ಮೆ ಮಕ್ಕಳ ಪಾಠಶಾಲೆ ನಡೆಯಲಿ. ಪಕ್ಕದ ಹಳೆಯ ಮನೆ ಊರಿನ ಎಲ್ಲರಿಗೂ ತೆರೆದ ಗ್ರಂಥಾಲಯವಾಗಲಿ, ದಾರಿಹೋಕರಿಗೆ ನೆರಳಾಗಲಿ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳಿಗೆ ಅಲ್ಲಿ ಮತ್ತೆ ಎಡೆ ದೊರೆಯಲಿ.

ವಸ್ತುವಿಗೆ ಉತ್ಪಾದ, ವ್ಯಯ, ಧ್ರೌವ್ಯವೆಂಬ ಮೂರು ಲಕ್ಷಣಗಳು. ಗಾರೆ ಉದುರುತ್ತದೆ, ಹೊಸ ಗಾರೆ ಬರುತ್ತದೆ, ಬಸದಿ ನಿಂತಿರುತ್ತದೆ. ದಾನಕ್ಕಿಂತ ದಾನವನ್ನು ಪಾಲಿಸುವುದೇ ಶ್ರೇಷ್ಠವೆಂದು ಶಾಸನಗಳು ಕೊನೆಯಲ್ಲಿ ಸಾರುತ್ತವೆ. ಅಂದು ಕೊಟ್ಟವರು ತಮ್ಮ ಪಾಲಿನ ಕರ್ತವ್ಯ ಮುಗಿಸಿದ್ದಾರೆ. ಪಾಲಿಸುವ ಪುಣ್ಯ ನಮಗೆ ಉಳಿದಿದೆ.