ಮರೆವಿನ ಮೂಲವನ್ನರಿಯುವ ಬಗೆ

"ಅರವತ್ತಕ್ಕೆ ಅರಳು ಮರಳು" ಎಂಬ ಗಾದೆಯು ನಮ್ಮ ಮನೆಗಳಲ್ಲಿ ಮಾಡಿರುವ ಅನರ್ಥವು ಅಲ್ಪವಲ್ಲ. ಜಯನಗರ, ಬನಶಂಕರಿಗಳ ಉದ್ಯಾನಗಳಲ್ಲಿ ಸಂಜೆ ಕಲೆಯುವ ನಮ್ಮಂಥ ವಯಸ್ಸಾದವರಲ್ಲಿ ಒಬ್ಬರು ಮನೆಯ ದಾರಿಯನ್ನೇ ಮರೆತರೂ ಮನೆಯವರು ಈ ಗಾದೆಯನ್ನಾಡಿ ಸುಮ್ಮನಾಗುವರು. ವೈದ್ಯರು ಡಿಮೆನ್ಷಿಯಾ ಎನ್ನುವ ಸ್ಮೃತಿಭ್ರಂಶವು ವಾರ್ಧಕ್ಯದ ಸಹಜಧರ್ಮವಲ್ಲ. ಜ್ವರಕ್ಕೆ ಹೇಗೋ ಹಾಗೆ ಅದಕ್ಕೂ ಕಾರಣಗಳು ಹಲವು.

1906ರಲ್ಲಿ ಜರ್ಮನಿಯ ವೈದ್ಯ ಆಲ್ಜೈಮರ್ ವಿವರಿಸಿದ, ಮಿದುಳು ಕ್ರಮೇಣ ನಶಿಸುವ ರೋಗವೊಂದು. ಮಿದುಳಿನ ರಕ್ತನಾಳಗಳು ಕಟ್ಟಿಕೊಳ್ಳುವುದು ಮತ್ತೊಂದು. ಇವುಗಳಲ್ಲಿ ಕಳೆದುಹೋದ ಶಕ್ತಿಯು ಮರಳುವುದು ದುರ್ಲಭ. ಆದರೆ ಬಿ-12 ಜೀವಸತ್ತ್ವದ ಕೊರತೆ, ಥೈರಾಯಿಡ್ ಗ್ರಂಥಿಯ ಮಾಂದ್ಯ, ಖಿನ್ನತೆ ಇವುಗಳಿಂದಲೂ ಅಂಥದೇ ಮರೆವು ಉಂಟಾಗುವುದು, ಇವಕ್ಕೆ ಚಿಕಿತ್ಸೆಯುಂಟು. ಪತ್ನೀವಿಯೋಗದ ದುಃಖದಿಂದ ಮಂಕಾದ ವೃದ್ಧನನ್ನು ಬುದ್ಧಿಗೆಟ್ಟವನೆಂದು ಮೂಲೆಗೆ ಕೂರಿಸಿದರೆ ಆ ಪಾಪವು ಯಾರದು?

ಈ ವಿವೇಚನೆಗೆ ನೆರವಾಗುವ ಪರೀಕ್ಷೆಯೊಂದನ್ನು ವಾಚಕರಿಗೆ ಅರಿಕೆ ಮಾಡುವೆವು. ನೆತ್ತಿಗೆ ತಂತಿಗಳನ್ನು ಅಂಟಿಸಿ, ಕಿವಿಗೆ ಒಂದೇ ಸ್ವರವನ್ನು ಮತ್ತೆ ಮತ್ತೆ ಕೇಳಿಸುವರು. ಷಡ್ಜಗಳ ನಡುವೆ ಎಂದೋ ಒಮ್ಮೆ ಪಂಚಮವು ಬಂದಂತೆ, ಅಪರೂಪಕ್ಕೆ ಬೇರೊಂದು ಸ್ವರವು ಬರುವುದು, ಅದನ್ನು ಎಣಿಸಬೇಕು. ಆ ಸ್ವರವು ಕೇಳಿಸಿದ ಸುಮಾರು 300 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ವಿದ್ಯುತ್ತಿನ ಅಲೆಯೊಂದು ಏಳುವುದು. 1965ರಲ್ಲಿ ಅಮೆರಿಕದ ಸಟನ್ ಮತ್ತು ಸಂಗಡಿಗರು ಪ್ರಕಟಪಡಿಸಿದ ಈ ಅಲೆಗೆ ಪಿ-300 ಎಂದು ಹೆಸರು. ವಯಸ್ಸಾದಂತೆ ಅದು ಕೊಂಚ ತಡವಾಗುವುದು ಸಹಜ. ಮಿದುಳು ನಶಿಸುತ್ತಿದ್ದರೆ ವಯಸ್ಸಿನ ಮಿತಿಯನ್ನೂ ಮೀರಿ ತಡವಾಗುವುದುಂಟು. ಖಿನ್ನತೆಯಲ್ಲಾದರೋ ಅಲೆಯು ಕುಗ್ಗಿದರೂ ಬಹುಮಟ್ಟಿಗೆ ಸಕಾಲದಲ್ಲಿಯೇ ಬರುವುದು. ಅಕ್ಷರವರಿಯದ ಅಜ್ಜಿಗೂ ಈ ಪರೀಕ್ಷೆಯನ್ನು ಮಾಡಬಹುದು. ಕಿವಿ ಮಾತ್ರ ಚೆನ್ನಾಗಿ ಕೇಳಿಸುತ್ತಿರಬೇಕು.

ಆದರೂ ಇದೊಂದೇ ಪ್ರಮಾಣವಲ್ಲ. ರೋಗಿಗಳ ಅಲೆಯೂ ಆರೋಗ್ಯವಂತರ ಅಲೆಯೂ ಎಷ್ಟೋ ವೇಳೆ ಒಂದನ್ನೊಂದು ಹೋಲುವುವು. ಆಲ್ಜೈಮರ್ ರೋಗವನ್ನು ರಕ್ತನಾಳದ ರೋಗದಿಂದ ಬೇರ್ಪಡಿಸಲು ಇಷ್ಟೇ ಸಾಲದು. ರಕ್ತಪರೀಕ್ಷೆ, ಮಿದುಳಿನ ಸ್ಕ್ಯಾನ್, ಜ್ಞಾಪಕಶಕ್ತಿಯ ಪರೀಕ್ಷೆ, ಮನೆಯವರ ಹೇಳಿಕೆ ಇವೆಲ್ಲವೂ ಕೂಡಿದರೇ ನಿರ್ಣಯ. ಮರೆವು ಹಠಾತ್ತನೆ ಬಂದಿತೋ ಮೆಲ್ಲಮೆಲ್ಲನೆ ಬಂದಿತೋ, ಯಾವ ಔಷಧಿಗಳು ನಡೆಯುತ್ತಿವೆಯೋ ಎಂಬುದನ್ನು ಗೃಹಿಣಿಯರು ಬರೆದಿಟ್ಟುಕೊಂಡು ಹೋದರೆ ವೈದ್ಯರಿಗೆ ಮಹದುಪಕಾರವಾಗುವುದು.

ದಕ್ಷಿಣ ಬೆಂಗಳೂರಿನವರು ಇದಕ್ಕಾಗಿ ದೂರ ಹೋಗಬೇಕಾದುದಿಲ್ಲ. ಜಯನಗರಕ್ಕೆ ಸಮೀಪದಲ್ಲಿ, ಹೊಸೂರು ರಸ್ತೆಯಲ್ಲಿ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಿದೆ. ಅದು ಹುಚ್ಚರ ಆಸ್ಪತ್ರೆಯೆಂಬ ಹಳೆಯ ಸಂಕೋಚವು ಇನ್ನು ಸಲ್ಲದು. ಮನಸ್ಸಿಗೆ ಹೇಗೋ ಮಿದುಳಿಗೂ ನರಗಳಿಗೂ ಅಲ್ಲಿ ಹಾಗೆಯೇ ಚಿಕಿತ್ಸೆಯುಂಟು. ಹಿರಿಯರ ಮರೆವನ್ನು ಕಂಡು ನಗುವ ಮೊದಲು ಅದರ ಕಾರಣವನ್ನು ವಿಚಾರಿಸುವುದೇ ಮಕ್ಕಳ ಮೊದಲ ಶುಶ್ರೂಷೆಯೆಂದು ನಾವು ಭಾವಿಸುವೆವು.